ಮಂಗಳೂರಿನ ಒಂದು ಎಂಆರ್‌ಐ ಕೇಂದ್ರ: ಯಂತ್ರಕ್ಕೆ ಪೂರ್ಣ ಅಂಕ, ವರದಿಗೆ ಅರ್ಧ

ಆಧಾರ್ ಕಾರ್ಡಿನ ಪ್ರಕಾರ ನನ್ನ ಅಪ್ಪನಿಗೆ 74 ವರ್ಷ 10 ತಿಂಗಳು. ಹಂಚಿನ ಕಾರ್ಖಾನೆಯೊಂದರ ವರ್ಕ್‌ಶಾಪಿಗೆ ಹುಡುಗನಾಗಿ ಸೇರಿ, ಕೊನೆಗೆ ಅಲ್ಲಿಯೇ ಸ್ಟೋರಿನ ಲೆಕ್ಕ ಬರೆಯುತ್ತ ನಿವೃತ್ತರಾದವರು. ಎರಡು ವರ್ಷಗಳ ಹಿಂದೆ ಆಟಿ ತಿಂಗಳ ಮಳೆಯಲ್ಲಿ ಅಂಗಳದ ಪಾಚಿಗೆ ಕಾಲು ಜಾರಿ ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರು. ಅಂದು ತೆಗೆಸಿದ ಸಿ.ಟಿ. ಸ್ಕ್ಯಾನಿನಲ್ಲಿ ಎಲುಬು ಮುರಿದಿರಲಿಲ್ಲ, ರಕ್ತಸ್ರಾವವೂ ಕಂಡಿರಲಿಲ್ಲ. ನಾಲ್ಕು ಹೊಲಿಗೆ ಹಾಕಿಸಿಕೊಂಡು ಸಂಜೆಯೇ ಮನೆಗೆ ಬಂದಿದ್ದರು. ಆದರೆ ಕಳೆದ ಕೆಲವು ತಿಂಗಳಿನಿಂದ, ನಲವತ್ತು ವರ್ಷ ಲೆಕ್ಕದ ಪುಸ್ತಕವನ್ನೇ ಉಸಿರಾಡಿದ ಈ ಮನುಷ್ಯ ಹಾಲಿನವನಿಗೆ ಒಂದೇ ವಾರದಲ್ಲಿ ಎರಡು ಸಲ ದುಡ್ಡು ಕೊಡುವುದು, ಪಡೀಲಿಗೆ ಹೋಗುವ ಬಸ್ಸು ಹತ್ತಿ ಕಂಕನಾಡಿಯಲ್ಲೇ ಇಳಿದು ನಿಲ್ಲುವುದು ಶುರುವಾದಾಗ ನರರೋಗ ತಜ್ಞರಲ್ಲಿಗೆ ಕರೆದುಕೊಂಡು ಹೋದೆವು. ಅವರು ಅರ್ಧ ಗಂಟೆ ಪ್ರಶ್ನೆ ಕೇಳಿ, ಗಡಿಯಾರದ ಚಿತ್ರ ಬರೆಯಿಸಿ, ಕೊನೆಗೆ ಒಂದು ಚೀಟಿ ಬರೆದರು: 3 ಟೆಸ್ಲಾ ಎಂಆರ್‌ಐ ಬ್ರೇನ್, ಜೊತೆಗೆ ಎಸ್‌ಡಬ್ಲ್ಯುಐ ಮತ್ತು ಹಿಪ್ಪೊಕ್ಯಾಂಪಸ್ಸಿನ ಅಳತೆ. (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ, ಎಸ್‌ಡಬ್ಲ್ಯುಐ ಎಂದರೆ ಹಿಂದೆ ಸೋರಿದ ರಕ್ತದ ಗುರುತು ಹುಡುಕುವ ಎಂಆರ್‌ಐಯ ಒಂದು ಬಗೆ, ಹಿಪ್ಪೊಕ್ಯಾಂಪಸ್ ಎಂದರೆ ಮಿದುಳಿನಲ್ಲಿ ನೆನಪಿಗೆ ಬೇಕಾದ ಭಾಗ.)

ಈ ಬರಹ ಆ ಚೀಟಿ ಹಿಡಿದು ಹೋದ ಸ್ಕ್ಯಾನಿಂಗ್ ಸೆಂಟರಿನ ಬಗ್ಗೆ. ಅದು ಮಂಗಳೂರಿನ ನಡುಪೇಟೆಯಲ್ಲಿದೆ ಎಂಬಷ್ಟನ್ನು ಹೇಳಿ ಹೆಸರನ್ನು ಬಿಟ್ಟಿದ್ದೇನೆ, ಏಕೆಂದರೆ ಅಲ್ಲಿ ಕೆಲಸ ಮಾಡುವ ಒಬ್ಬಿಬ್ಬರ ಕಾಳಜಿಯನ್ನು ಎಷ್ಟು ಮನಸಾರೆ ಹೊಗಳಬೇಕೋ ಅಷ್ಟೇ ಖಾರವಾಗಿ ಅಲ್ಲಿನ ಕಚೇರಿಯ ಕ್ರಮವನ್ನು ದೂರಬೇಕಾಗಿದೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ವೈದ್ಯೆಯಲ್ಲ, ಆದರೆ ಕಾಂತಕ್ಷೇತ್ರದ ಪಾಠವನ್ನು ಇಪ್ಪತ್ತು ವರ್ಷ ಮಾಡಿದವಳಿಗೆ ಆ ಯಂತ್ರದ ಬಗ್ಗೆ ಕುತೂಹಲ ಇರುವುದು ಸಹಜ, ಅದು ಇಲ್ಲಿ ಅಲ್ಲಲ್ಲಿ ಇಣುಕಿದರೆ ಓದುಗರು ಸಹಿಸಿಕೊಳ್ಳಬೇಕು.

ಮೊದಲು ಬುಕಿಂಗ್. ಫೋನಿನಲ್ಲಿ ಮಾತನಾಡಿದವರು ಪೇಸ್‌ಮೇಕರ್ ಇದೆಯೇ ಎಂದು ಕೇಳಿದರು, ಇಲ್ಲ ಎಂದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ಕ್ರಿಯಾಟಿನಿನ್ ಪರೀಕ್ಷೆಯ ವರದಿ ತನ್ನಿ ಎಂದರು, ಅಷ್ಟಕ್ಕೆ ಮಾತು ಮುಗಿಯಿತು. ಕ್ರಿಯಾಟಿನಿನ್ ನೋಡುವುದು ಮೂತ್ರಪಿಂಡದ ಸ್ಥಿತಿ ತಿಳಿಯುವುದಕ್ಕೆ, ಮತ್ತು ಅದು ಬೇಕಾಗುವುದು ಗ್ಯಾಡೊಲಿನಿಯಮ್ ಇರುವ ಕಾಂಟ್ರಾಸ್ಟ್ ಚುಚ್ಚುಮದ್ದು ಕೊಡುವುದಾದರೆ. ಅಪ್ಪನ ಚೀಟಿಯಲ್ಲಿ ಕಾಂಟ್ರಾಸ್ಟ್ ಎಂಬ ಮಾತೇ ಇರಲಿಲ್ಲ. ಎಲ್ಲರಿಗೂ ಒಂದೇ ಮಂತ್ರ ಹೇಳಿಬಿಡುವ ಈ ಅಭ್ಯಾಸದಿಂದ, ಬೆಳಿಗ್ಗೆ ಆರಕ್ಕೆ ಗಂಜಿ ಉಣ್ಣುವ ರೂಢಿಯ ವೃದ್ಧರೊಬ್ಬರು ಹನ್ನೊಂದರವರೆಗೆ ಸುಮ್ಮನೆ ಹಸಿದು ಕುಳಿತುಕೊಳ್ಳಬೇಕಾಯಿತು. ಅದರ ಪರಿಣಾಮ ಸ್ಕ್ಯಾನಿನ ಮೇಲೆಯೇ ಆಯಿತು, ಅದನ್ನು ಮುಂದೆ ಹೇಳುತ್ತೇನೆ.

ಕಾಯುವ ಹಜಾರ ಸ್ವಚ್ಛವಾಗಿದೆ, ಕುರ್ಚಿಗಳು ಸಾಕಷ್ಟಿವೆ, ಕುಡಿಯುವ ನೀರಿದೆ. ಸುಳ್ಯದಿಂದ, ಕಾಸರಗೋಡಿನಿಂದ, ಚಿಕ್ಕಮಗಳೂರಿನ ಕಡೆಯಿಂದ ರಾತ್ರಿ ಹೊರಟು ಬಂದವರಿದ್ದರು. ಎಚ್ಚರಿಕೆಯ ಫಲಕಗಳು ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಇವೆ, ಆದರೆ ಸಹಿ ಹಾಕಿ ಕೊಡಬೇಕಾದ ಪ್ರಶ್ನಾವಳಿ ಇಂಗ್ಲಿಷಿನಲ್ಲಿ ಮಾತ್ರ ಇದೆ. ಓದದೆ ಸಹಿ ಹಾಕಿದವರನ್ನು ನಾನೇ ಮೂವರನ್ನು ನೋಡಿದೆ. ಗೋಡೆಯ ಮೇಲೆ ‘ವಿಶ್ವದ ಅತ್ಯಾಧುನಿಕ ತಂತ್ರಜ್ಞಾನ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಫ್ರಾನ್ಸಿನ ಸಾಕ್ಲೆಯಲ್ಲಿ 11.7 ಟೆಸ್ಲಾದ ಯಂತ್ರವೊಂದು 2024ರಲ್ಲಿ ಮನುಷ್ಯರ ಮಿದುಳಿನ ಚಿತ್ರಗಳನ್ನು ಹೊರಗೆಡಹಿರುವಾಗ ಈ ಮಾತು ಸ್ವಲ್ಪ ಅತಿಯಾಯಿತು. ಆದರೆ ಅದು ಸಂಶೋಧನೆಯ ಯಂತ್ರ, ರೋಗಿಯ ಉಪಯೋಗಕ್ಕೆ 3 ಟೆಸ್ಲಾ ಧಾರಾಳವಾಯಿತು.

ಈ ಕೇಂದ್ರದ ನಿಜವಾದ ಗುಣ ಬಾಗಿಲಿನ ಒಳಗೆ ಇದೆ. ಟೆಕ್ನಿಷಿಯನ್ ಆಗಿದ್ದ ಯುವತಿ ಆ ಇಂಗ್ಲಿಷ್ ಪ್ರಶ್ನಾವಳಿಯನ್ನು ಬದಿಗಿಟ್ಟು, ಅಪ್ಪನ ಎದುರು ಸ್ಟೂಲು ಎಳೆದುಕೊಂಡು ಕುಳಿತು, ಒಂದೊಂದಾಗಿ ಕೇಳಿದಳು. ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರಾ, ಕಣ್ಣಿಗೆ ಲೆನ್ಸ್ ಹಾಕಿದ್ದಾರಾ, ಕಿವಿಗೆ ಆಪರೇಷನ್ ಆಗಿದೆಯಾ. ಕೊನೆಗೆ, “ಅಜ್ಜ, ನೀವು ಯಾವಾಗಾದ್ರೂ ವೆಲ್ಡಿಂಗ್, ಲೇತ್ ಅಂಥ ಕೆಲಸ ಮಾಡಿದ್ದು ಉಂಟಾ?” ಎಂದಳು. ಅಪ್ಪ ಬಹಳ ಹುರುಪಿನಿಂದ, ತಾನು ಇಪ್ಪತ್ತನೆಯ ವಯಸ್ಸಿನಲ್ಲಿ ಲೇತ್ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದುದನ್ನೂ, ಒಮ್ಮೆ ಕಬ್ಬಿಣದ ಚೂರು ಹಾರಿ ಎಡಗಣ್ಣಿಗೆ ಬಿದ್ದದ್ದನ್ನೂ, ಡಾಕ್ಟರು ಅದನ್ನು ತೆಗೆದದ್ದನ್ನೂ ಹೇಳಿದರು. ನನಗೆ ಇದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆಕೆ ಪೆನ್ನು ಕೆಳಗಿಟ್ಟು, “ಹಾಗಾದ್ರೆ ಕಣ್ಣಿನ ಎಕ್ಸ್‌ರೇ ಆಗದೆ ಒಳಗೆ ಬಿಡ್ಲಿಕ್ಕಿಲ್ಲ” ಎಂದಳು. ಕಣ್ಣುಗುಡ್ಡೆಯೊಳಗೆ ಸಾಸಿವೆಗಿಂತ ಚಿಕ್ಕ ಕಬ್ಬಿಣದ ಚೂರು ಉಳಿದಿದ್ದರೂ ಆ ಕಾಂತ ಅದನ್ನು ಎಳೆದಾಡಿ ದೃಷ್ಟಿಯನ್ನೇ ಕಳೆಯಬಲ್ಲದು. ಎಕ್ಸ್‌ರೇ ಆಯಿತು, ಚೂರು ಇರಲಿಲ್ಲ. ಒಂದೂವರೆ ಗಂಟೆ ತಡವಾಯಿತು ಎಂದು ಕೌಂಟರಿನಲ್ಲಿ ಗೊಣಗಿದರು, ನನಗಂತೂ ಆ ಒಂದೂವರೆ ಗಂಟೆಯೇ ಕೊಟ್ಟ ದುಡ್ಡಿಗೆ ಸಾರ್ಥಕ ಅನ್ನಿಸಿತು. ಇದೇ ಪ್ರಶ್ನೆಯನ್ನು ಬುಕಿಂಗ್ ಮಾಡುವಾಗ ಫೋನಿನಲ್ಲೇ ಕೇಳಿದ್ದರೆ ಹಿಂದಿನ ದಿನವೇ ಎಕ್ಸ್‌ರೇ ಮುಗಿಸಬಹುದಿತ್ತು ಎಂಬುದು ಬೇರೆ ಮಾತು.

ಕಾಂತದ ವಿಚಾರದಲ್ಲಿ ಈ ಎಚ್ಚರಿಕೆ ಅತಿಯೆಂದು ಯಾರೂ ಭಾವಿಸಬಾರದು. 3 ಟೆಸ್ಲಾ ಎಂದರೆ ನಮ್ಮ ಕರಾವಳಿಯಲ್ಲಿ ಭೂಮಿಯ ಕಾಂತಕ್ಷೇತ್ರ ಎಷ್ಟಿದೆಯೋ ಅದರ ಸುಮಾರು 75 ಸಾವಿರ ಪಟ್ಟು. ಆ ಕಾಂತದ ಸುರುಳಿಗಳು ದ್ರವರೂಪದ ಹೀಲಿಯಮ್ಮಿನಲ್ಲಿ ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಚಳಿಯಲ್ಲಿರುವುದರಿಂದ ಅವುಗಳಲ್ಲಿ ಹರಿಯುವ ವಿದ್ಯುತ್ತಿಗೆ ತಡೆಯೇ ಇಲ್ಲ. ಮಳೆಗಾಲದಲ್ಲಿ ಊರಿಡೀ ಕರೆಂಟು ಹೋದರೂ ಕಾಂತ ಮಾತ್ರ ಹಾಗೆಯೇ ಇರುತ್ತದೆ. ರೋಗಿ ಇಲ್ಲದಾಗಲೂ, ರಾತ್ರಿಯೂ, ರಜೆಯ ದಿನವೂ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೊಠಡಿಗೆ ಹೋದ ರೋಗಿಯ ಸಂಬಂಧಿಕರೊಬ್ಬರು ಯಂತ್ರಕ್ಕೆ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಅಪ್ಪನ ಸೊಂಟದ ಉಡಿದಾರದಲ್ಲಿ ಬೆಳ್ಳಿಯ ತಾಯಿತವೊಂದಿತ್ತು, ಅಜ್ಜಿ ಕಟ್ಟಿಸಿದ್ದು. ಬೆಳ್ಳಿಯನ್ನು ಕಾಂತ ಎಳೆಯುವುದಿಲ್ಲ. ಆದರೆ ತಾಯಿತದ ಒಳಗೇನಿದೆ ಎಂದು ಯಾರಿಗೂ ತಿಳಿಯದು, ಮತ್ತು ರೇಡಿಯೊ ಅಲೆಗಳಿಂದ ಮೈಮೇಲಿನ ಲೋಹ ಬಿಸಿಯಾಗಿ ಚರ್ಮ ಸುಡುವ ಸಾಧ್ಯತೆ ಇರುವುದರಿಂದ ಅದನ್ನು ತೆಗೆಯಲೇಬೇಕು. ಅಟೆಂಡರ್ ಕತ್ತರಿ ತಂದರು. ಅಪ್ಪ ಮುಖ ಚಿಕ್ಕದು ಮಾಡಿಕೊಂಡರು. ಆ ಯುವತಿ ಕತ್ತರಿಯನ್ನು ಹಿಂದಕ್ಕೆ ಕಳುಹಿಸಿ, ಎಣ್ಣೆ ಬೆವರಿನಲ್ಲಿ ಬಿಗಿದುಹೋಗಿದ್ದ ಆ ಗಂಟನ್ನು ಐದು ನಿಮಿಷ ಉಗುರಿನಿಂದ ಬಿಡಿಸಿ, ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ಹೆಸರು ಬರೆದು ನನ್ನ ಕೈಗೆ ಕೊಟ್ಟಳು. ಯಾವ ಜಾಹೀರಾತಿನಲ್ಲೂ ಬರೆಯಲಾಗದ ಸೇವೆ ಇದು.

ನನ್ನನ್ನೂ ಪರೀಕ್ಷಿಸಿ ಒಳಗೆ ಬಿಟ್ಟರು. ಕೊಠಡಿ ತಂಪಾಗಿದೆ, ಯಂತ್ರ ಸುಮ್ಮನಿದ್ದಾಗಲೂ ಅದರ ಶೀತಕದ ಪಂಪು ಗೋಡೆಯ ಹಲ್ಲಿ ಲೊಚಗುಟ್ಟಿದಂತೆ ಒಂದೇ ಸಮನೆ ಶಬ್ದ ಮಾಡುತ್ತಿರುತ್ತದೆ. ಸ್ಕ್ಯಾನ್ ಶುರುವಾದ ಮೇಲಿನ ಶಬ್ದ ಬೇರೆಯೇ. ಕ್ಷಣಕ್ಷಣಕ್ಕೂ ವಿದ್ಯುತ್ತು ಹರಿದು ನಿಲ್ಲುವ ಗ್ರೇಡಿಯಂಟ್ ಸುರುಳಿಗಳು ದೊಡ್ಡ ಕಾಂತದೊಳಗೆ ಅದುರಿ ಎಬ್ಬಿಸುವ ಆ ಸದ್ದು 100 ಡೆಸಿಬೆಲ್ ದಾಟಬಲ್ಲದು, ಹಾಗಾಗಿ ಕಿವಿಗೆ ಸ್ಪಂಜಿನ ಬಿರಡೆ, ಅದರ ಮೇಲೆ ಹೆಡ್‌ಫೋನ್. ಕೈಗೆ ಒಂದು ರಬ್ಬರಿನ ಬುಗ್ಗೆ ಕೊಟ್ಟು, “ಕಷ್ಟ ಆದ್ರೆ ಇದನ್ನು ಒತ್ತಿ, ನಾನು ಬರ್ತೇನೆ. ತಲೆ ಮಾತ್ರ ಅಲ್ಲಾಡಿಸ್ಲಿಕ್ಕಿಲ್ಲ ಆಯ್ತಾ ಅಜ್ಜ” ಎಂದಳು ಆ ಯುವತಿ. ಹೊರಬಂದ ಮೇಲೆ ಅಪ್ಪ ಹೇಳಿದ್ದು: “ನಮ್ಮ ಕಾರ್ಖಾನೆಯ ಹಂಚು ಒತ್ತುವ ಪ್ರೆಸ್ಸಿನ ಬುಡದಲ್ಲಿ ಮಲಗಿದ ಹಾಗೆ ಆಯ್ತು ಮಗಾ.”

ಹಸಿವಿನ ಪರಿಣಾಮ ಇಲ್ಲಿ ಬಂತು. ಇಪ್ಪತ್ತನೆಯ ನಿಮಿಷಕ್ಕೆ ಅಪ್ಪ ಚಡಪಡಿಸತೊಡಗಿದರು, ತಲೆ ಸರಿಯಿತು. ಮಿದುಳಿನ ಗಾತ್ರ ಅಳೆಯುವ ಸ್ಕ್ಯಾನಿನಲ್ಲಿ ಒಂದೊಂದು ಮಿಲಿಮೀಟರಿನ ಪದರಗಳನ್ನು ತೆಗೆಯುತ್ತಾರೆ. ತಲೆ ಅಲುಗಿದರೆ ಚಿತ್ರ ಮಸುಕಾಗುವುದಷ್ಟೇ ಅಲ್ಲ, ಅಳೆಯುವ ಸಾಫ್ಟ್‌ವೇರ್ ನರಕೋಶಗಳು ತುಂಬಿದ ಬೂದು ದ್ರವ್ಯವನ್ನು ಇರುವುದಕ್ಕಿಂತ ತೆಳುವೆಂದು ತಿಳಿದು ಕಡಿಮೆ ಗಾತ್ರ ತೋರಿಸುತ್ತದೆ. ಎಂದರೆ, ಹಸಿದು ಹೊರಳಾಡಿದ ಅಜ್ಜನಿಗೆ ಇಲ್ಲದ ಸವೆತ ಕಾಗದದ ಮೇಲೆ ಬಂದುಬಿಡಬಹುದು. ಟೆಕ್ನಿಷಿಯನ್ ಅದನ್ನು ಗಮನಿಸಿ, ಯಂತ್ರ ನಿಲ್ಲಿಸಿ, ಅಪ್ಪನನ್ನು ಹೊರತೆಗೆದು ಚಹಾ ಮತ್ತು ಎರಡು ಬಿಸ್ಕತ್ತು ಕೊಡಿಸಿ, ಆ ಭಾಗವನ್ನು ಮತ್ತೆ ಮೊದಲಿನಿಂದ ತೆಗೆದಳು. ಹೊರಗೆ ಸರತಿಯಲ್ಲಿ ಆರು ಜನ ಕಾಯುತ್ತಿದ್ದ ಹೊತ್ತಿನಲ್ಲಿ ಈ ನಿರ್ಧಾರ ಸುಲಭದ್ದಲ್ಲ.

ಇನ್ನು ಬಿಲ್ಲು. ಚೀಟಿಯಲ್ಲಿದ್ದದ್ದಕ್ಕೆ 9,000 ರೂಪಾಯಿ ಎಂದವರು, 2,500 ಹೆಚ್ಚು ಕೊಟ್ಟರೆ ‘ಅಡ್ವಾನ್ಸ್ಡ್ ಪ್ಯಾಕೇಜ್’ ಆಗುತ್ತದೆ, ಡಿಟಿಐ ಸೇರುತ್ತದೆ ಎಂದರು. ವೈದ್ಯರು ಅದನ್ನು ಬರೆದಿರಲಿಲ್ಲ. ನನ್ನ ಕುತೂಹಲವೇ ನನ್ನ ವೈರಿಯಾಗಿ ನಾನು ಒಪ್ಪಿಕೊಂಡೆ. ಆದ್ದರಿಂದ ಈ ಡಿಟಿಐ ಎಂದರೇನು, ಅದಕ್ಕೆ ದುಡ್ಡು ಕೊಡಬೇಕೇ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಂಆರ್‌ಐ ನೋಡುವುದು ಮುಖ್ಯವಾಗಿ ನೀರನ್ನು, ನೀರಿನೊಳಗಿನ ಜಲಜನಕದ ಪರಮಾಣುಬೀಜಗಳನ್ನು. ಅವು ಕಾಂತದೊಳಗೆ ಬುಗುರಿಯಂತೆ ತೊನೆಯುತ್ತ ಕೊಡುವ ಸಂಕೇತವನ್ನು ಚಿತ್ರವಾಗಿಸುವ ದಾರಿ ತೋರಿಸಿದ್ದಕ್ಕಾಗಿಯೇ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂದದ್ದು. ಡಿಟಿಐ (ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್) ಇದರ ಮುಂದಿನ ಹೆಜ್ಜೆ, ನೀರಿನ ಕಣಗಳು ಯಾವ ದಿಕ್ಕಿಗೆ ಎಷ್ಟು ಸರಿಯುತ್ತವೆ ಎಂದು ಅಳೆಯುವ ಕ್ರಮ. 1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಸಂಗಡಿಗರು ರೂಪಿಸಿದ್ದು. ನನ್ನ ತರಗತಿಯಲ್ಲಿ ನಾನು ಇದಕ್ಕೊಂದು ಪ್ರಯೋಗ ಮಾಡಿಸುತ್ತೇನೆ. ಒಣಗಿದ ಮಂಗಳೂರು ಹಂಚಿನ ಮೇಲೆ ಒಂದು ತೊಟ್ಟು ಶಾಯಿ ಬಿಟ್ಟರೆ ಅದು ದುಂಡಗೆ ಹರಡುತ್ತದೆ, ಏಕೆಂದರೆ ಮಣ್ಣಿಗೆ ಯಾವ ದಿಕ್ಕೂ ಹೆಚ್ಚಲ್ಲ. ಅದೇ ಶಾಯಿಯನ್ನು ಮಲ್ಲಿಗೆ ಕಟ್ಟುವ ಬಾಳೆನಾರಿನ ಮೇಲೆ ಬಿಟ್ಟರೆ ನಾರಿನ ಉದ್ದಕ್ಕೆ ಓಡುತ್ತದೆ, ಅಡ್ಡಕ್ಕೆ ಹೋಗುವುದಿಲ್ಲ. ಮಿದುಳಿನ ಬಿಳಿ ದ್ರವ್ಯ ಬಾಳೆನಾರಿನ ಕಟ್ಟಿನಂತಿದೆ: ನರತಂತುಗಳ ಉದ್ದಕ್ಕೆ ನೀರಿನ ಕಣಗಳು ಸರಾಗವಾಗಿ ಸರಿಯುತ್ತವೆ, ಅಡ್ಡಕ್ಕೆ ಪೊರೆಗಳು ತಡೆಯುತ್ತವೆ. ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ನೀರಿನ ಕಣ ಸರಿಯುವುದು 10ರಿಂದ 20 ಮೈಕ್ರೊಮೀಟರ್ ಇರಬಹುದು, ಆ ಚಲನೆಯನ್ನು ಯಂತ್ರ ಕನಿಷ್ಠ 6 ದಿಕ್ಕುಗಳಲ್ಲಿ, ಸಾಮಾನ್ಯವಾಗಿ ಅದಕ್ಕಿಂತ ಬಹಳ ಹೆಚ್ಚು ದಿಕ್ಕುಗಳಲ್ಲಿ ಅಳೆಯುತ್ತದೆ. ಸರಿದಾಟ ಎಲ್ಲ ದಿಕ್ಕಿಗೂ ಸಮನಾಗಿದ್ದರೆ ಸೊನ್ನೆ, ಒಂದೇ ದಿಕ್ಕಿಗೆ ಇದ್ದರೆ ಒಂದು. ನಡುವಿನ ಈ ಸಂಖ್ಯೆಗೆ ಎಫ್‌ಎ ಎನ್ನುತ್ತಾರೆ. ತಲೆಗೆ ಪೆಟ್ಟು ಬಿದ್ದಾಗ ತಂತುಗಳು ಜಗ್ಗಿ ಹರಿದರೆ, ಅಥವಾ ವಯಸ್ಸಾದಂತೆ ಅವುಗಳ ಹೊದಿಕೆ ತೆಳುವಾದರೆ, ಈ ಸಂಖ್ಯೆ ಇಳಿಯುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ, ಸಾಮಾನ್ಯ ಎಂಆರ್‌ಐಯಲ್ಲಿಯೂ, ಸಹಜವಾಗಿ ಕಾಣುವ ಮಿದುಳಿನಲ್ಲಿ ಇಂಥ ಬದಲಾವಣೆಯನ್ನು ಗುರುತಿಸಬಲ್ಲದು ಎಂಬುದೇ ಸಂಶೋಧಕರಿಗೆ ಇದರ ಮೇಲಿರುವ ಪ್ರೀತಿಗೆ ಕಾರಣ.

ಆದರೆ ಸಂಶೋಧಕರು ನೋಡುವುದು ಗುಂಪನ್ನು. ಪೆಟ್ಟು ತಿಂದ ನೂರು ಜನರ ಸರಾಸರಿ, ಪೆಟ್ಟು ತಿನ್ನದ ನೂರು ಜನರ ಸರಾಸರಿಗಿಂತ ಕಡಿಮೆ ಎಂದು ಹೇಳುವುದು ಬೇರೆ. ನನ್ನ ಅಪ್ಪನೊಬ್ಬನ ಸಂಖ್ಯೆ ನೋಡಿ ಇದು ಪಾಚಿಯಲ್ಲಿ ಬಿದ್ದದ್ದರಿಂದ ಆದದ್ದು, ಇದು ವಯಸ್ಸಿನಿಂದ ಆದದ್ದು ಎಂದು ಬೇರ್ಪಡಿಸುವುದು ಬೇರೆ. ತಂತುಗಳು ಒಂದನ್ನೊಂದು ಅಡ್ಡ ಹಾಯುವ ಕಡೆಯಂತೂ ಆರೋಗ್ಯವಂತರಲ್ಲೂ ಎಫ್‌ಎ ಕಡಿಮೆಯೇ ಬರುತ್ತದೆ. 2,500 ರೂಪಾಯಿಗೆ ನಮಗೆ ಸಿಕ್ಕಿದ್ದು ನುಣುಪಾದ ಕಾಗದದ ಮೇಲೆ ಒಂದು ಬಣ್ಣದ ಚಿತ್ರ. ಎಡಬಲಕ್ಕೆ ಹೋಗುವ ತಂತುಗಳು ಕೆಂಪು, ಹಿಂದುಮುಂದಕ್ಕೆ ಹೋಗುವವು ಹಸಿರು, ಮೇಲಿಂದ ಕೆಳಗೆ ಇಳಿಯುವವು ನೀಲಿ. ಭೂತದ ಅಣಿಯಷ್ಟೇ ಚೆಂದ. ವರದಿಯಲ್ಲಿ ಅದರ ಬಗ್ಗೆ ಒಂದೇ ಸಾಲು. ನರರೋಗ ತಜ್ಞರು ಆ ಹಾಳೆಯನ್ನು ನೋಡಿ ನಕ್ಕು ಬದಿಗಿಟ್ಟರು. ವೈದ್ಯರು ಬರೆಯದಿದ್ದರೆ ಇದಕ್ಕೆ ದುಡ್ಡು ಕೊಡಬೇಡಿ.

ಎಸ್‌ಡಬ್ಲ್ಯುಐ ಹಾಗಲ್ಲ. ಅಪ್ಪನ ಮಟ್ಟಿಗೆ ಇಡೀ ಸ್ಕ್ಯಾನಿನ ಬೆಲೆ ಇದ್ದದ್ದು ಇದರಲ್ಲಿಯೇ. ಮಿದುಳಿನಲ್ಲಿ ಒಂದು ಹನಿಯಷ್ಟು ರಕ್ತ ಸೋರಿ ಒಣಗಿದರೆ ಅದರ ಕಬ್ಬಿಣ ಹಿಮೋಸಿಡೆರಿನ್ ಆಗಿ ಅಲ್ಲಿಯೇ ವರ್ಷಗಟ್ಟಲೆ ಉಳಿಯುತ್ತದೆ. ಆ ಕಬ್ಬಿಣ ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಕೆಡಿಸುವುದರಿಂದ, ಚಿತ್ರದಲ್ಲಿ ಅದು ಇರುವುದಕ್ಕಿಂತ ದೊಡ್ಡದಾದ ಕಪ್ಪು ಚುಕ್ಕೆಯಾಗಿ ಅರಳುತ್ತದೆ. 3 ಟೆಸ್ಲಾದಲ್ಲಿ ಈ ಅರಳುವಿಕೆ 1.5 ಟೆಸ್ಲಾದ ಯಂತ್ರಕ್ಕಿಂತ ಹೆಚ್ಚು, ವೈದ್ಯರು 3 ಎಂದು ಒತ್ತಿ ಬರೆದದ್ದು ಅದಕ್ಕೇ. ಎರಡು ವರ್ಷ ಹಿಂದಿನ ಬೀಳುವಿಕೆಯ ಗುರುತನ್ನು ಇಂದು ಹುಡುಕಬಹುದಾದ ಜಾಗ ಇದು. ಆದರೆ ಚುಕ್ಕೆ ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಬೂದು ದ್ರವ್ಯ ಮತ್ತು ಬಿಳಿ ದ್ರವ್ಯ ಸೇರುವ ಅಂಚಿನಲ್ಲಿ, ಅಥವಾ ಎರಡು ಅರೆಗೋಳಗಳನ್ನು ಜೋಡಿಸುವ ಕಾರ್ಪಸ್ ಕಲೋಸಮ್ಮಿನಲ್ಲಿ ಇದ್ದರೆ ಪೆಟ್ಟಿನ ಸಂಶಯ ಹೆಚ್ಚು, ಏಕೆಂದರೆ ತಲೆ ಥಟ್ಟನೆ ನಿಂತಾಗ ಬೇರೆಬೇರೆ ಸಾಂದ್ರತೆಯ ಪದರಗಳು ಬೇರೆಬೇರೆ ವೇಗದಲ್ಲಿ ಜಾರಿ ಹರಿಯುವುದು ಅಲ್ಲಿಯೇ. ಥಲಾಮಸ್ಸಿನಂಥ ಆಳದ ಭಾಗಗಳಲ್ಲಿದ್ದರೆ ಬಹು ವರ್ಷಗಳ ಬಿ.ಪಿ.ಯ ಕಡೆಗೆ ಬೊಟ್ಟು ಮಾಡುತ್ತದೆ. ಮಿದುಳಿನ ಹೊರವಲಯದಲ್ಲಿ ಹಲವು ಇದ್ದರೆ, ರಕ್ತನಾಳದ ಗೋಡೆಗಳಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಕಟ್ಟಿಕೊಂಡಿರಬಹುದೆಂದು ನೋಡುತ್ತಾರೆ. ಅಪ್ಪ ದಿನವೂ ನುಂಗುವ ಆಸ್ಪಿರಿನ್ ಮುಂದುವರಿಸಬೇಕೇ ಎಂಬ ಯೋಚನೆಯೂ ಇದರ ಮೇಲೆ ನಿಂತಿರುತ್ತದೆ.

ಇಷ್ಟು ಭಾರ ಹೊತ್ತ ವಿಷಯದ ಬಗ್ಗೆ ನಮ್ಮ ಕೈಗೆ ಬಂದ ವರದಿಯಲ್ಲಿ ಇದ್ದದ್ದು: ‘ಎರಡೂ ಅರೆಗೋಳಗಳಲ್ಲಿ ಕೆಲವು ಸೂಕ್ಷ್ಮ ರಕ್ತಸ್ರಾವದ ಚುಕ್ಕೆಗಳಿವೆ.’ ಎಷ್ಟು, ಎಲ್ಲಿ, ಒಂದಕ್ಷರವಿಲ್ಲ. ಸಾಲದ್ದಕ್ಕೆ ‘ವಯೋಸಹಜ ಅಟ್ರೋಫಿ’, ‘ಎಂಟಿಎ ಗ್ರೇಡ್ 2’, ಹಿಪ್ಪೊಕ್ಯಾಂಪಸ್ ‘9ನೆಯ ಪರ್ಸೆಂಟೈಲ್’. ಪೆಟ್ಟಿನ ಚರಿತ್ರೆಯನ್ನು ಚೀಟಿಯಲ್ಲಿ ಬರೆದಿದ್ದರೂ ವರದಿಯಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ.

ಈ ವರದಿ ಬಂದ ಬಗೆಯೇ ನನ್ನ ದೊಡ್ಡ ದೂರು. ರೋಗಿಯ ಹೆಸರಿನಲ್ಲಿ ದಾಖಲಿಸಿದ್ದ ಮೊಬೈಲ್ ಸಂಖ್ಯೆ ಅಪ್ಪನದ್ದಾದ್ದರಿಂದ, ರಾತ್ರಿ ಒಂಬತ್ತಕ್ಕೆ ಅದು ಅವರ ವಾಟ್ಸಾಪಿಗೆ ಬಂದು ಬಿದ್ದಿತು. ನಾವೆಲ್ಲ ಊಟಕ್ಕೆ ಕುಳಿತಿದ್ದೆವು. ಅಪ್ಪ ಮಾತ್ರ ಕೋಣೆಯಲ್ಲಿ ದೀಪ ಹಾಕಿಕೊಂಡು, ಹಳೆಯ ಇಂಗ್ಲಿಷ್–ಕನ್ನಡ ನಿಘಂಟನ್ನು ಮಡಿಲಲ್ಲಿ ಬಿಡಿಸಿಕೊಂಡು ಕುಳಿತಿದ್ದರು. ಅಟ್ರೋಫಿ ಎಂಬ ಪದದ ಎದುರು ನಿಘಂಟಿನಲ್ಲಿ ಸೊರಗುವಿಕೆ, ಕ್ಷಯ ಎಂದಿತ್ತು. ನಾನು ಬಾಗಿಲಿಗೆ ಹೋದಾಗ ಅವರು ಕನ್ನಡಕ ತೆಗೆದು, “ನನಗೆ ತಲೆಯಲ್ಲಿ ಕ್ಷಯವಾ ಮಗಾ? ಮಕ್ಕಳನ್ನು ಹತ್ತಿರ ಬಿಡ್ಬೇಡ” ಎಂದರು. ಅವರ ಕಾಲದಲ್ಲಿ ಕ್ಷಯ ಎಂದರೆ ಮನೆಯವರು ತಟ್ಟೆ ಲೋಟ ಬೇರೆ ಇಡುತ್ತಿದ್ದ ಕಾಯಿಲೆ. ಇದು ಅದಲ್ಲ, ವಯಸ್ಸಾದವರೆಲ್ಲರ ಮಿದುಳೂ ಒಂದಿಷ್ಟು ಕುಗ್ಗುತ್ತದೆ ಎಂದು ಹೇಳಿ ನಂಬಿಸುವುದಕ್ಕೆ ಮಧ್ಯರಾತ್ರಿಯಾಯಿತು. ನೆನಪಿನ ತೊಂದರೆಗೆಂದು ಸ್ಕ್ಯಾನಿಗೆ ಬಂದ ವೃದ್ಧರಿಗೆ ನೇರವಾಗಿ ವರದಿ ಕಳುಹಿಸಬಾರದು, ಜೊತೆಯಲ್ಲಿ ಬಂದವರ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಬೇಕು ಎಂಬುದು ಕಷ್ಟದ ನಿಯಮವೇನಲ್ಲ. ಅರ್ಧ ಪುಟ ಕನ್ನಡದಲ್ಲಿ ಸಾರಾಂಶ ಕೊಟ್ಟರೆ ಇನ್ನೂ ಒಳ್ಳೆಯದು. ಆದರೆ ಅದರಲ್ಲಿ ಕ್ಷಯ ಎಂಬ ಪದ ಬೇಡ, ಸವೆತ ಸಾಕು.

ಮರುದಿನ ಆ 9ನೆಯ ಪರ್ಸೆಂಟೈಲಿನ ಬೆನ್ನು ಹತ್ತಿದೆ. ಅದರರ್ಥ, ಅದೇ ವಯಸ್ಸಿನ ನೂರು ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ಅಪ್ಪನ ಹಿಪ್ಪೊಕ್ಯಾಂಪಸ್ ಕೆಳಗಿನಿಂದ ಒಂಬತ್ತನೆಯ ಆಸುಪಾಸಿನಲ್ಲಿ ಬರುತ್ತದೆ ಎಂದು. ಯಾವ ಊರಿನ ನೂರು ಗಂಡಸರು? ಕೌಂಟರಿನಲ್ಲಿ ಕೇಳಿದ್ದಕ್ಕೆ, “ಅದು ಸಾಫ್ಟ್‌ವೇರಿನಲ್ಲೇ ಬರುವುದು ಮೇಡಂ” ಎಂಬ ಉತ್ತರ ಬಂತು. ಪ್ರಶ್ನೆ ತಲೆಹರಟೆಯದ್ದಲ್ಲ. ಹೈದರಾಬಾದಿನ ಐಐಐಟಿಯವರು 2019ರಲ್ಲಿ 100 ಭಾರತೀಯರ ಸ್ಕ್ಯಾನುಗಳಿಂದ ಮಿದುಳಿನ ನಕ್ಷೆಯೊಂದನ್ನು ಕಟ್ಟಿದಾಗ, ಅದು ಪಾಶ್ಚಾತ್ಯರ ನಕ್ಷೆಗಿಂತ ಉದ್ದ, ಅಗಲ, ಎತ್ತರಗಳಲ್ಲಿ ಸರಾಸರಿ ಸ್ವಲ್ಪ ಚಿಕ್ಕದು ಎಂದು ಕಂಡುಬಂದಿತ್ತು. (ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ, ಯಾರೂ ಬೇಸರಿಸಿಕೊಳ್ಳುವುದು ಬೇಡ.) ತಲೆಬುರುಡೆಯ ಗಾತ್ರಕ್ಕೆ ಹೊಂದಿಸಿ ಲೆಕ್ಕ ಮಾಡದಿದ್ದರೆ, ಹೋಲಿಕೆಗೆ ಬೇರೆ ದೇಶದವರನ್ನೇ ಇಟ್ಟುಕೊಂಡರೆ, ನಮ್ಮ ಕಡೆಯ ಆರೋಗ್ಯವಂತ ಅಜ್ಜನೂ ಕೆಳಗಿನ ಸಾಲಿಗೆ ಜಾರಬಹುದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ವರ್ಷಗಟ್ಟಲೆ ಹಿಂಬಾಲಿಸಿ, ನೆನಪಿನ ಪರೀಕ್ಷೆ, ರಕ್ತ, ಎಂಆರ್‌ಐ ಎಲ್ಲವನ್ನೂ ದಾಖಲಿಸುತ್ತ ಬಂದಿದ್ದಾರೆ. ಮುಂದೆ ಹೋಲಿಕೆಗೆ ಅಂಥ ಜನರ ಅಳತೆಗಳು ಸಿಕ್ಕಿದರೆ ಈ ಪರ್ಸೆಂಟೈಲಿಗೆ ಬೆಲೆ ಬರುತ್ತದೆ.

ಎಂಟಿಎ ಗ್ರೇಡಿನ ಕತೆ ಇನ್ನೂ ಸ್ವಾರಸ್ಯದ್ದು. ಕಿವಿಯ ಒಳಮಗ್ಗುಲಲ್ಲಿ ಬರುವ ಹಿಪ್ಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗ ಎಷ್ಟು ಸವೆದಿದೆ ಎಂದು ಕಣ್ಣಂದಾಜಿನಲ್ಲಿ 0ಯಿಂದ 4ರವರೆಗೆ ಅಂಕ ಕೊಡುವ ಕ್ರಮ ಇದು. ರೂಢಿಯ ನಿಯಮದಂತೆ 75ಕ್ಕಿಂತ ಕೆಳಗಿನವರಿಗೆ 2 ಬಂದರೆ ಅದು ಸಹಜವಲ್ಲ, 75 ದಾಟಿದವರಿಗೆ 2 ಬಂದರೆ ಸಹಜ. ಅಪ್ಪನಿಗೆ ಆಧಾರ್ ಪ್ರಕಾರ 74 ವರ್ಷ 10 ತಿಂಗಳು. ಎರಡು ತಿಂಗಳು ತಡೆದು ಬಂದಿದ್ದರೆ ಅದೇ ಮಿದುಳು ಸಹಜವಾಗಿಬಿಡುತ್ತಿತ್ತು. ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ, ಎಂದರೆ ಅಪ್ಪನ ಅಕ್ಕ, ಗಹಗಹಿಸಿ ನಕ್ಕರು. ಆ ಜನ್ಮದಿನಾಂಕ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ತಾವೇ ಬರೆದುಕೊಂಡದ್ದು, ಜಾತಕದ ಪ್ರಕಾರ ಅವನಿಗೆ 75 ತುಂಬಿ ಆರು ತಿಂಗಳಾಯಿತು ಎಂದರು. ಕೋಟಿಗಟ್ಟಲೆ ಬೆಲೆಯ ಯಂತ್ರ ಮಿಲಿಮೀಟರಿನ ಲೆಕ್ಕದಲ್ಲಿ ಅಳೆದದ್ದನ್ನು ಕೊನೆಗೆ ಹೋಲಿಸಿದ್ದು ಮೇಷ್ಟ್ರ ಅಂದಾಜಿನೊಂದಿಗೆ. ಹಿರಿಯರನ್ನು ಕರೆದೊಯ್ಯುವವರು ನಿಜವಾದ ವಯಸ್ಸನ್ನು ಕೇಳಿಕೊಂಡು ಹೋಗಿ, ಅದನ್ನು ವೈದ್ಯರಿಗೆ ತಿಳಿಸಿ.

ನರರೋಗ ತಜ್ಞರು ವರದಿ ಓದಿ, ನಮ್ಮೆದುರೇ ರೇಡಿಯಾಲಜಿಸ್ಟರಿಗೆ ಫೋನು ಮಾಡಿದರು. ಕೇಂದ್ರದ ಪರವಾಗಿ ಹೇಳಬೇಕಾದ ಮಾತೆಂದರೆ, ರೇಡಿಯಾಲಜಿಸ್ಟರು ವಾದಿಸಲಿಲ್ಲ. ಅಂದು ಸಂಜೆಯೇ ಚಿತ್ರಗಳನ್ನು ಮತ್ತೆ ನೋಡಿ ಪೂರಕ ವರದಿ ಕೊಟ್ಟರು. ಬಲ ಮುಂಭಾಗದಲ್ಲಿ, ಬೂದು–ಬಿಳಿ ದ್ರವ್ಯಗಳ ಅಂಚಿನಲ್ಲಿ ಎರಡು ಚುಕ್ಕೆ. ಎಡ ಥಲಾಮಸ್ಸಿನಲ್ಲಿ ಒಂದು. ಎರಡು ಪಾಚಿಯ ಲೆಕ್ಕಕ್ಕೆ, ಒಂದು ಬಿ.ಪಿ.ಯ ಲೆಕ್ಕಕ್ಕೆ ಎಂದು ತಜ್ಞರು ಬಿಡಿಸಿ ಹೇಳಿದರು. ಬಿಳಿ ದ್ರವ್ಯದಲ್ಲಿ ಅಲ್ಲಲ್ಲಿ ಕಂಡ ಬಿಳಿ ಮಚ್ಚೆಗಳು, ಅಂಥ ಮಚ್ಚೆಗಳಿಗೆ 0ಯಿಂದ 3ರವರೆಗೆ ಅಂಕ ಕೊಡುವ ಫಝೆಕಾಸ್ ಮಾಪಕದಲ್ಲಿ 1, ಈ ವಯಸ್ಸಿಗೆ ಅದು ಹೆಚ್ಚಲ್ಲ. ಮಾತ್ರೆ ಬದಲಾಯಿತು, ಬಿ.ಪಿ.ಯನ್ನು ಬಿಗಿಯಾಗಿ ಹಿಡಿಯಬೇಕೆಂದಾಯಿತು. ಸವೆತದ ಬಗ್ಗೆ ಅವರು ತೀರ್ಮಾನ ಕೊಡಲಿಲ್ಲ. ಆರೋಗ್ಯವಂತ ವೃದ್ಧರ ಹಿಪ್ಪೊಕ್ಯಾಂಪಸ್ ವರ್ಷಕ್ಕೆ ಶೇಕಡಾ 1ರಿಂದ 2ರಷ್ಟು ಕುಗ್ಗುತ್ತದೆ, ಆಲ್‌ಝೈಮರ್ ಇದ್ದವರಲ್ಲಿ 3ರಿಂದ 5ರಷ್ಟು. ಒಂದೇ ಸಲ ಅಳೆದರೆ ಅದು ಎಷ್ಟಿದೆ ಎಂದಷ್ಟೇ ತಿಳಿಯುತ್ತದೆ, ಯಾವ ವೇಗದಲ್ಲಿ ಇಳಿಯುತ್ತಿದೆ ಎಂದಲ್ಲ. ಒಂದೂವರೆ ವರ್ಷ ಬಿಟ್ಟು ಮತ್ತೊಮ್ಮೆ ಮಾಡಿಸಿ, ಯಂತ್ರ ಬದಲಾದರೆ ಅಳತೆಯೇ ಬದಲಾಗುತ್ತದೆ, ಆದ್ದರಿಂದ ಅದೇ ಯಂತ್ರದಲ್ಲಿ, ಅದೇ ಕ್ರಮದಲ್ಲಿ ಮಾಡಿಸಿ ಎಂದರು.

ಹಾಗಾಗಿ ಮೂಲ ಚಿತ್ರಗಳನ್ನು ಕಾಪಾಡಿಕೊಳ್ಳುವುದು ಅಗತ್ಯ. ಕೇಂದ್ರದವರು ಕೊಡುವುದು ದೊಡ್ಡ ಲಕೋಟೆಯಲ್ಲಿ ನಾಲ್ಕು ಫಿಲ್ಮ್ ಮತ್ತು ಒಂದು ಸಿ.ಡಿ. ಮಂಗಳೂರಿನ ಮಳೆಗಾಲದಲ್ಲಿ ಕಪಾಟಿನ ಮೇಲಿಟ್ಟ ಫಿಲ್ಮುಗಳು ಬೂಸಲು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುವುದನ್ನು ನಾವು ನೋಡಿದ್ದೇವೆ, ಸಿ.ಡಿ. ಹಾಕುವ ಲ್ಯಾಪ್‌ಟಾಪ್ ಈಗ ಯಾರ ಮನೆಯಲ್ಲೂ ಇಲ್ಲ. ಪೆನ್‌ಡ್ರೈವ್ ತಂದುಕೊಟ್ಟರೆ ಮೂಲ ಚಿತ್ರಗಳಿರುವ ಡೈಕಾಮ್ ಕಡತಗಳನ್ನು ಪೂರ್ತಿ ಹಾಕಿಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ; ಆದರೆ ಕೇಳದಿದ್ದರೆ ಹೇಳುವುದಿಲ್ಲ.

ಒಂದೂವರೆ ವರ್ಷದ ನಂತರ ನಾವು ಅಲ್ಲಿಗೇ ಹೋಗುತ್ತೇವೆ. ಕಣ್ಣಿನ ಎಕ್ಸ್‌ರೇಯನ್ನು ಅದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಅಪ್ಪ ಅಂದು ಗಂಜಿ ಉಂಡೇ ಹೊರಡುತ್ತಾರೆ, ಉಡಿದಾರವನ್ನು ಹಿಂದಿನ ರಾತ್ರಿಯೇ ಬಿಚ್ಚಿಡುವುದೆಂದು ಈಗಲೇ ಒಪ್ಪಿದ್ದಾರೆ, ಮತ್ತು ಕೌಂಟರಿನಲ್ಲಿ ಮೊಬೈಲ್ ಸಂಖ್ಯೆ ಕೇಳಿದಾಗ ಕೊಡುವವಳು ನಾನು.